ಮೂರನೆಯ ಕೂಗು

ರಾಮ್‌ಸೂರತ್‌ನನ್ನು ಮೂರು ಸಲ ಕರೆಯಬೇಕಿತ್ತು. ಒಂದು ಕೂಗಿಗೆ ತಿರುಗುವ ಆಸಾಮಿಯೇ ಅಲ್ಲ. ದುಬೈಯ ಅಲ್ ಬರ್ಷಾದಲ್ಲಿ ಅವನು ದುಡಿಯುವ ಕಟ್ಟಡದ ಸೈಟಿಗೆ ಪೃಥ್ವಿರಾಜ್ ಫೋರ್‌ಮನ್. ಕಾರ್ಕಳದ ಕಡೆಯವನು, ಕೋಪವೆಲ್ಲ ಮೂಗಿನ ತುದಿಯಲ್ಲೇ. ಅವನಿಗೆ ಇದು ಮೈಯುರಿ.

“ಕಿವಿಯನ್ನು ಊರಲ್ಲೇ ಬಿಟ್ಟು ಬಂದಿದ್ದೀಯಾ?” ಎಂದು ಒಮ್ಮೆ ಹಿಂದಿಯಲ್ಲಿ ಬೈದಾಗ ರಾಮ್‌ಸೂರತ್ ತನ್ನ ಊರಿನ ಕತೆ ಹೇಳಿದ.

ಬಿಹಾರದ ಹೆದ್ದಾರಿಯ ಮೇಲೆ ಧನ್ವಾ ಮೋಡ್ ಅಂತ ಊರು. ಒಂದಿಷ್ಟು ಢಾಬಾ, ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕು, ಅಷ್ಟೇ. ಹೆದ್ದಾರಿ ಬಂದ ವರ್ಷ ಬಳೆ ಮಾರುವ ಹೆಂಗಸೊಬ್ಬಳು ಲಾರಿಗೆ ಸಿಕ್ಕಿ ಬಿದ್ದಳಂತೆ. ಮನೆಮನೆಗೆ ಹೋಗಿ ಬಳೆ ತೊಡಿಸಿದವಳು, ಎಲ್ಲರ ಹೆಸರೂ ಗೊತ್ತು. ದಾರಿಹೋಕರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆದಳಂತೆ. ಪೊಲೀಸ್ ಕೇಸಿಗೆ ಹೆದರಿ ಯಾರೂ ತಿರುಗಲಿಲ್ಲ, ಅವಳು ಅಲ್ಲೇ ಸತ್ತಳು. ಅಂದಿನಿಂದ ಅವಳು ಆ ರಸ್ತೆಯಲ್ಲಿ ಕರೆಯುತ್ತಾಳೆ, ಒಂದೇ ಸಲ. ತಿರುಗಿದವನು ಗಾಡಿಯ ಕೆಳಗೆ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಒಂದೇ ಕೂಗಿಗೆ ತಿರುಗಿ ಸತ್ತವನು ಅವಳ ಪಾಲು. ಹೆಣವನ್ನು ಅಂಗಳಕ್ಕೆ ತರುವಂತಿಲ್ಲ. ಹೆತ್ತ ತಾಯಿಗೂ ಮುಖ ತೋರಿಸದೆ ರಸ್ತೆಯಿಂದಲೇ ಸುಡಲು ಒಯ್ಯುತ್ತಾರೆ.

“ಇದು ದುಬೈ. ಅವಳಿಗೆ ಇಲ್ಲಿಯ ವೀಸಾ ಕೊಟ್ಟದ್ದು ಯಾರು?” ಎಂದು ಪೃಥ್ವಿರಾಜ್ ನಕ್ಕ. ಊರಿಗೆ ಹೋದರೆ ಕೋಲದ ಮುಂದೆ ಕೈಮುಗಿದು ನಡುಗುವವನು ಇದೇ ಮಹರಾಯ. ತನ್ನ ದೈವ ಸತ್ಯ, ಕಂಡವರದ್ದು ಮೂಢನಂಬಿಕೆ!

ಅಲ್ಲಿಂದ ಪಾಠ ಶುರುವಾಯಿತು. ಮೊದಲ ಕೂಗಿಗೆ ತಿರುಗದಿದ್ದರೆ ಬಿಸಿಲಲ್ಲಿ ಬ್ಲಾಕ್ ಹೊರುವ ಕೆಲಸ. ಒಬ್ಬನಿಗೆ ಬಿದ್ದ ಶಿಕ್ಷೆ ನೋಡಿ ಉಳಿದವರೂ ಪಾಠ ಕಲಿತರು. ಕೆಲಸಗಾರರ ಬಸ್ಸಿನ ಡ್ರೈವರ್ ಅಲಿಕುಂಞಿ, ಉಳ್ಳಾಲದ ಹಿರಿಯ, ನೋಡಲಾರದೆ ಕೇಳಿದ. “ಎರಡು ಸಲ ಜಾಸ್ತಿ ಕರೆದ್ರೆ ನಿಮ್ಮ ಬಾಯಿಯ ಮುತ್ತು ಉದುರ್ತದಾ ಮಾರಾಯ್ರೆ? ಬಿಡಿ ಅವನನ್ನು.”

ಬಿಡಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ರಾಮ್‌ಸೂರತ್ ಕರೆದ ಕೂಡಲೇ ತಿರುಗತೊಡಗಿದ. ಪೃಥ್ವಿರಾಜನಿಗೆ ಅದೊಂದು ದೊಡ್ಡ ಹೆಮ್ಮೆ.

ಒಂದು ಸಂಜೆ ಎಲ್ಲರೂ ಬಸ್ಸಿಗೆಂದು ರಸ್ತೆ ದಾಟುತ್ತಿದ್ದರು. ಸ್ಟೋರಿನ ಬೀಗದಕೈ ರಾಮ್‌ಸೂರತ್‌ನ ಜೇಬಿನಲ್ಲೇ ಉಳಿದದ್ದು ಪೃಥ್ವಿರಾಜನಿಗೆ ಆಗ ನೆನಪಾಯಿತು. ಗೇಟಿನಿಂದಲೇ ಕರೆದ. “ರಾಮ್‌ಸೂರತ್!”

ಅವನು ನಡುರಸ್ತೆಯಲ್ಲಿ ನಿಂತು ತಿರುಗಿದ. ತಿರುಗಿದೆ ನೋಡಿ ಸರ್ ಎಂಬಂತೆ ಮುಖದಲ್ಲಿ ಸಣ್ಣ ನಗು ಕೂಡ ಇತ್ತು. ಪಿಕಪ್ ಗಾಡಿಯವನು ಬ್ರೇಕ್ ಹಾಕಿದ, ಆದರೆ ಹಿಡಿಯಲಿಲ್ಲ.

ಊರಿಗೆ ಫೋನು ಮಾಡುವ ಕರ್ಮವೂ ಪೃಥ್ವಿರಾಜನಿಗೇ ಬಂತು. ಆ ಕಡೆ ಇದ್ದವನು ತಂದೆ. ಸುದ್ದಿ ಕೇಳಿ ಅಳಲಿಲ್ಲ. ಮೊದಲು ಕೇಳಿದ್ದು ಇದು. “ಸಾಹೇಬ್, ಅವನನ್ನು ಯಾರಾದರೂ ಕರೆದಿದ್ದರಾ?”

“ನಾನೇ ಕರೆದೆ.”

“ಎಷ್ಟು ಸಲ?”

ಪಕ್ಕದಲ್ಲೇ ಅಲಿಕುಂಞಿ ನಿಂತಿದ್ದ. ಅವನೂ ಕೇಳಿಸಿಕೊಂಡದ್ದು ಒಂದೇ ಕೂಗು. ನಿಜ ಹೇಳಿದರೆ ಆ ತಾಯಿಗೆ ಮಗನ ಮುಖವಿಲ್ಲ. ತಡೆದದ್ದು ಅಷ್ಟೇ ಆಗಿದ್ದರೆ ಪುಣ್ಯ. ನಿಜ ಹೇಳಲು ತನಗೇ ಧೈರ್ಯವಿರಲಿಲ್ಲ ಎನ್ನುವುದೂ ಪೃಥ್ವಿರಾಜನಿಗೆ ಗೊತ್ತಿತ್ತು.

“ಮೂರು ಸಲ,” ಎಂದ.

ಆಗ ಆ ಮುದುಕ ಅತ್ತ. “ಹಾಗಾದರೆ ನನ್ನ ಮಗ ನಮ್ಮವನೇ. ಅಂಗಳ ಸಾರಿಸಿಡಲು ಅವನ ತಾಯಿಗೆ ಹೇಳುತ್ತೇನೆ. ಕರೆದವರು ಮನುಷ್ಯರು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.”

ಅಲಿಕುಂಞಿ ಮುಖ ನೋಡದೆ, “ಅವರಿಗೆ ಒಳ್ಳೇದೇ ಹೇಳಿದ್ರಿ,” ಎಂದು ಬಸ್ ಹತ್ತಿದ.

ಇನ್ನು ಮೇಲೆ ಯಾರನ್ನೇ ಆಗಲಿ ಮೂರು ಸಲ ಕರೆಯಬೇಕು ಎಂದು ಪೃಥ್ವಿರಾಜ್ ನಿಶ್ಚಯಿಸಿದ. ಮರುದಿನ ಬೆಳಿಗ್ಗೆ ಬಸ್ಸಿಳಿದವರು ರಸ್ತೆ ದಾಟಿ ಬರುವವರೆಗೆ ಬಾಯಿ ಬಿಡಲಿಲ್ಲ. ಎಲ್ಲರೂ ಗೇಟಿನೊಳಗೆ ಬಂದ ಮೇಲೆ ಮೆಲ್ಲಗೆ ಶುರು ಮಾಡಿದ.

“ಮುನಿಸ್ವಾಮಿ...”

ಮುನಿಸ್ವಾಮಿ ಬೆಚ್ಚಿ ತಿರುಗಿದ. ಅವನ ಜೊತೆಗೆ ಅಷ್ಟೂ ಜನ ತಿರುಗಿ ನಿಂತರು. ಉಳಿದೆರಡು ಕೂಗಿಗೆ ಕಾಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ.