ಮೆಣಸಿನಕಾಳಿನಷ್ಟು ಮುಖ

ಫೋಟೋದಲ್ಲಿ ನಲವತ್ತೊಂದು ಜನ. ಹಿಂದಿನ ಸಾಲಿನ ತುದಿಯಲ್ಲಿ ಶರಾವತಿಯ ಅವ್ವ. ಮುಖ ಒಂದು ಮೆಣಸಿನಕಾಳಿನಷ್ಟು, ಅದೂ ಮಸುಕು.

"ಇದನ್ನ ಗೋಡೆಗೆ ಹಾಕೋವಷ್ಟು ದೊಡ್ಡದು ಮಾಡಿಕೊಡಿ. ಸೋಮವಾರ ನನ್ನ ಮದುವೆ. ಧಾರೆಗೆ ಮುಂಚೆ ಅವ್ವನಿಗೆ ಕೈಮುಗೀಬೇಕು" ಎಂದಳು ಶರಾವತಿ. ಅವಳನ್ನು ಹೆತ್ತು ತೀರಿಕೊಂಡ ಅವ್ವ. ಮುಖ ಹೇಗಿತ್ತೆಂದು ಮಗಳಿಗೆ ಗೊತ್ತಿಲ್ಲ. ಬೇರೆ ಫೋಟೋ ಇಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುವ ಮೊದಲು ಹೊಸನಗರದ ಕಡೆಯ ಹಳೇ ಮನೆಯಿಂದ ಹೊತ್ತು ತಂದ ಪೆಟ್ಟಿಗೆಯಲ್ಲಿ ಉಳಿದದ್ದು ಇದೊಂದೇ.

ನಾನು ಕೆಲಸಕ್ಕಿದ್ದ ಸ್ಟುಡಿಯೋ ಸಾಗರದ ಪೇಟೆಯಲ್ಲಿತ್ತು. ಮಾಲೀಕ ಉಮಾಮಹೇಶ್ವರ ಫೋಟೋ ತಿರುಗಿಸಿ ನೋಡಿ, "ಆಗಲ್ಲಮ್ಮ. ಮೆಣಸಿನಕಾಳು ಬಿತ್ತಿದ್ರೆ ಕುಂಬಳಕಾಯಿ ಬರ್ತದಾ?" ಎಂದರು.

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ನನ್ನನ್ನು ನಿಲ್ಲಿಸಿ "ನಿನ್ನ ಕೈಲಿ ಆಗಲ್ಲ" ಎಂದಿದ್ದರು. ಅವತ್ತೇ ಚೀಲ ಬಿಸಾಕಿ ಬಂದವನು ನಾನು. ಆ ಮಾತು ಕೇಳಿದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

"ಆಗ್ತದೆ. ಭಾನುವಾರ ಬನ್ನಿ" ಎಂದುಬಿಟ್ಟೆ.

ಫೋಟೋದ ಫೋಟೋ ತೆಗೆದು, ಆ ನೆಗೆಟಿವನ್ನು ಎನ್ಲಾರ್ಜರಿಗೆ ಹಾಕಿ, ಕೆಂಪು ದೀಪದಲ್ಲಿ ಕಾಗದವನ್ನು ಔಷಧಿ ನೀರಿನಲ್ಲಿ ಅದ್ದಿದೆ. ಫೋಟೋದಲ್ಲಿ ಅವ್ವನ ಪಕ್ಕ ನಿಂತಿದ್ದ ಮನೆಯಾಳು ಭೂತಪ್ಪನ ಮೀಸೆ ಎದ್ದು ಬಂತು. ಅವ್ವನ ಜಾಗದಲ್ಲಿ ಮಾತ್ರ ಚೆಲ್ಲಿದ ಸಾಸಿವೆಯಂಥ ಚುಕ್ಕೆಗಳು, ನಡುವೆ ಒಂದು ಬಿಳೀ ಗೆರೆ. ಅವನ ಮೀಸೆ ಬಂದಮೇಲೆ ಇವಳ ಮೂಗು ಯಾಕೆ ಬರಲಿಲ್ಲ ಎಂದು ಯೋಚಿಸಬೇಕಿತ್ತು. ಸಿಟ್ಟಿನಲ್ಲಿ ಯೋಚನೆ ಎಲ್ಲಿ ಬರುತ್ತದೆ? ಇನ್ನೂ ದೊಡ್ಡದು ಮಾಡಿದೆ. ಸಾಸಿವೆ ಹೋಗಿ ಕಡಲೆಯಾಯಿತು.

ಆಗ ಹೊಳೆದ ಉಪಾಯ: ಸಿಗದ ಮುಖವನ್ನು ನೆಂಟರಿಂದ ಎರವಲು ತರುವುದು. ಮರುದಿನವೇ ಮೂವರನ್ನು ಸ್ಟೂಲಿನ ಮೇಲೆ ಕೂರಿಸಿದೆ.

"ಮೂಗು ನಂದೇ. ನೋಡ್ಕೊಂಡು ಬರಿ" ಎಂದರು ಅವ್ವನ ಅಕ್ಕ ಶಾಂತಮ್ಮ.

"ನಿಮ್ಮ ಮೂಗಾ? ಅವಳಿಗೆ ಅಷ್ಟು ದೊಡ್ಡ ಮೂಗಿದ್ದಿದ್ರೆ ನಮ್ಮಣ್ಣ ಮದುವೆ ಆಗ್ತಿದ್ನಾ?" ಎಂದರು ಅಪ್ಪನ ತಂಗಿ ತುಂಗಮ್ಮ.

ಅವ್ವನ ತಮ್ಮ ಹೂವಯ್ಯ ಟೋಪಿ ತೆಗೆದು, "ಕಿವಿ ನಂದು. ಅದಕ್ಕಾದ್ರೂ ಜಗಳ ಮಾಡಬೇಡಿ" ಎಂದ.

ಎರಡು ದಿನ ಹೊಸ ಪ್ರಿಂಟಿನ ಮೇಲೆ ಪೆನ್ಸಿಲ್ ಟಚಿಂಗ್ ಮಾಡಿದೆ. ಒಬ್ಬರ ಮೂಗು, ಒಬ್ಬರ ಕಿವಿ, ನಡುವೆ ಮುಚ್ಚಿದ ತುಟಿ. ಆಗ ಫೋಟೋಗೆ ನಿಂತ ಹೆಂಗಸರು ಬಾಯಿ ಬಿಡುತ್ತಿರಲಿಲ್ಲವಲ್ಲ.

ಭಾನುವಾರ ಎಲ್ಲರ ಮುಂದೆ ಎತ್ತಿ ಹಿಡಿದೆ.

"ಇದು ಹೂವಯ್ಯ ಸೀರೆ ಉಟ್ಟಂಗಿದೆ ಕಣೋ" ಎಂದರು ಶಾಂತಮ್ಮ. ಉಮಾಮಹೇಶ್ವರ ಕೌಂಟರಿನ ಹಿಂದೆ ಬಗ್ಗಿ ಏನೋ ಹುಡುಕುವಂತೆ ಮಾಡಿದರು, ಬೆನ್ನು ಕುಲುಕುತ್ತಿತ್ತು. ಶರಾವತಿ ಮಾತ್ರ ನಗಲಿಲ್ಲ. "ಹಾಗಾದ್ರೆ ಅವ್ವ ಸಿಗೋದೇ ಇಲ್ವಾ?" ಎಂದಳು.

ನನಗೆ ತಲೆ ಕೆಟ್ಟಿತು. "ಭೂತಪ್ಪನ ಮೀಸೆ ಎಣಿಸಬಹುದು, ಇವರ ಮುಖ ಯಾಕ್ರೀ ಹೀಗೆ?" ಎಂದು ಕಿರುಚಿದೆ.

"ಎಲ್ಲಿ ಬರ್ತದೆ ಮಾರಾಯ? ಅವಳು ಅಲುಗದೆ ನಿಂತಿದ್ರೆ ತಾನೆ" ಎಂದರು ತುಂಗಮ್ಮ. "ಅವತ್ತು ದೀಪಾವಳಿ. ಗೋಪೂಜೆ ಮಾಡಿ ಕರು ಬಿಟ್ಟಿದ್ವಿ. ಫೋಟೋದವ ಕರೀ ಬಟ್ಟೆಯೊಳಗೆ ತಲೆ ತೂರಿಸಿ ಬಗ್ಗಿದ್ದ. ಕರು ಹಿಂದಿಂದ ಬಂದು ಅವನ ಪಂಚೆ ಚೀಪೋಕೆ ಶುರು ಮಾಡ್ತು. ಅವ ಒಳಗಿಂದಲೇ 'ಅಲುಗಬೇಡಿ, ಅಲುಗಬೇಡಿ' ಅಂತಿದ್ದ. ನಾವೆಲ್ಲ ಹಲ್ಲು ಕಚ್ಚಿ ನಿಂತ್ವಿ. ಇವಳಿಗೆ ತಡೀಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು. ಹೊಸ ಸೊಸೆ ಮಾವನ ಎದುರು ಹೀಗಾ ಅಂತ ನಮ್ಮವ್ವ ವಾರ ಬೈದಿದ್ರು."

"ಮೊದಲೇ ಹೇಳೋದಲ್ವಾ?"

"ನೀನು ಕೇಳಿದ್ದು ಮೂಗು."

ಒಳಗೆ ಓಡಿಹೋಗಿ ಮೊದಲ ಪ್ರಿಂಟು ತಂದೆ. ಆ ಬಿಳೀ ಗೆರೆ ಬಳೆಗಳ ಕೈ. ಅದರ ಹಿಂದಿನ ಸಾಸಿವೆ, ಕುಲುಕುತ್ತಿರುವ ತಲೆ. ಒಮ್ಮೆ ಕಂಡಮೇಲೆ ಬೇರೇನೂ ಕಾಣಲಿಲ್ಲ.

ಶರಾವತಿ ನೋಡಿದಳು, ಇನ್ನೂ ಹತ್ತಿರ ಹಿಡಿದು ನೋಡಿದಳು. ಅವಳ ಬಾಯಿಗೆ ಕೈ ಹೋಯಿತು. ಆಮೇಲೆ ಶುರುವಾದ ನಗು ನಿಲ್ಲಲೇ ಇಲ್ಲ. ಶಾಂತಮ್ಮ ಗೋಡೆ ಹಿಡಿದರು, ಹೂವಯ್ಯ ಸ್ಟೂಲಿನಿಂದ ಜಾರಿದ, ನನಗೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು.

"ಇದಕ್ಕೇ ಕಟ್ಟು ಹಾಕಿಕೊಡಿ" ಎಂದಳು ಕಣ್ಣೊರೆಸಿಕೊಂಡು. "ಪೆನ್ಸಿಲ್ ಮುಟ್ಟಿಸಬೇಡಿ."

ಸೋಮವಾರ ಮಂಟಪದಲ್ಲಿ ಅವಳು ಆ ಮಸುಕಿಗೆ ಕೈಮುಗಿದಳು. ಆಮೇಲೆ ಗ್ರೂಪ್ ಫೋಟೋ. ನಾನು ಕ್ಯಾಮೆರಾ ಹಿಂದೆ ನಿಂತು ಅಭ್ಯಾಸದಂತೆ "ಯಾರೂ ಅಲು..." ಎಂದವನು ಅಲ್ಲಿಗೇ ನಿಲ್ಲಿಸಿದೆ. ಮದುಮಗಳ ಭುಜ ಆಗಲೇ ಕುಲುಕುತ್ತಿತ್ತು. ಬಟನ್ ಒತ್ತಿಬಿಟ್ಟೆ.