ನಿಂಬೆಕಾಯಿ ಗಾತ್ರದ ಮುದ್ದೆ

ನಮ್ಮ ಬೀದಿಯಲ್ಲಿ ಊಟ ಗುಟ್ಟಿನ ವಿಷಯವಲ್ಲ. ಹೊತ್ತು ಮುಳುಗುವ ಮುಂಚೆಯೇ ಎಲ್ಲರೂ ತಟ್ಟೆ ಹಿಡಿದು ಜಗಲಿಗೆ ಬರುತ್ತಾರೆ. ಯಾರ ಮನೆಯಲ್ಲಿ ಏನು ಸಾರು, ಯಾರ ತಟ್ಟೆಯಲ್ಲಿ ಎಷ್ಟು ದಪ್ಪ ಮುದ್ದೆ ಎಂಬುದು ಎದುರು ಮನೆಗೆ ಗೊತ್ತಾಗದೆ ಇರುವುದಿಲ್ಲ. ಅತ್ತೆಯ ತಟ್ಟೆಗೆ ಸೊಸೆ ಹಾಕುವ ಮುದ್ದೆಯನ್ನಂತೂ ಬೀದಿಯೇ ಕಣ್ಣಲ್ಲಿ ತೂಗುತ್ತದೆ. ಅದು ಸಣ್ಣದಾಯಿತೋ, ಸೊಸೆಯ ಮಾನ ಹೋಯಿತು. ಈ ದರಿದ್ರ ಪದ್ಧತಿ ಶುರುಮಾಡಿದವನು ಯಾರೋ, ಒಂದು ಸಲ ನನ್ನ ಕೈಗೆ ಸಿಕ್ಕಬೇಕಿತ್ತು.

ನನ್ನ ಅಮ್ಮ ಕನಕಮ್ಮ ಮೊದಲಿಂದ ದಪ್ಪ ಇದ್ದವಳಲ್ಲ. ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹತ್ತಿ, ಮೈಸೂರು ಮೈನ್ಸಿನ ಗಣಿ ಕೂಲಿಗಳ ಲೈನು ಮನೆಗಳಿಗೆ ಮೊಸರಿನ ಗಡಿಗೆ ಹೊತ್ತು ಮಾರಿ ಬರುತ್ತಿದ್ದಳು. ಹೊಕ್ಕುಳ ಹತ್ತಿರ ಒಂದು ಗಡ್ಡೆ ಎದ್ದ ಮೇಲೆ ಗಡಿಗೆ ಹೊರುವುದು ನಿಂತಿತು. ಕೂತಲ್ಲೇ ಕೂತು ಕಡಲೆಕಾಯಿ ಸುಲಿದಳು. ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹೋಯಿತು. ಮೈ ಬಂತು, ಮೈಯ ಜೊತೆಗೆ ಗಡ್ಡೆಯೂ ಬೆಳೆಯಿತು.

ಗಡ್ಡೆಯ ವಿಷಯ ಅವಳು ನನಗೆ ಹೇಳಲೇ ಇಲ್ಲ. ಅತ್ತೆಗೆ ಬೆನ್ನು ತಿಕ್ಕುವಾಗ ನೋಡಿ ಹೇಳಿದವಳು ನನ್ನ ಹೆಂಡತಿ ಮುನಿರತ್ನಮ್ಮ. ನಾನು ಕೂಗಾಡಿ, ಅಮ್ಮನನ್ನು ರೈಲು ಹತ್ತಿಸಿ, ಕೆ.ಜಿ.ಎಫ್.ನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಒತ್ತಿ ನೋಡಿ ಹೇಳಿದರು: "ಇದು ಗಡ್ಡೆ ಅಲ್ಲಪ್ಪ. ಹೊಟ್ಟೆ ಸಡಿಲವಾಗಿ ಕರುಳು ಹೊರಗೆ ಬರ್ತಾ ಇದೆ. ಈಗೇನೋ ಒತ್ತಿದರೆ ಒಳಗೆ ಹೋಗುತ್ತೆ. ಒಂದು ದಿನ ಅಲ್ಲೇ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತೆ. ಆಪರೇಷನ್ ಮಾಡಬೇಕು. ಆದರೆ ಇಷ್ಟು ಕೊಬ್ಬು ಇಟ್ಟುಕೊಂಡು ಹೊಲಿದರೆ ಹೊಲಿಗೆ ನಿಲ್ಲೋದಿಲ್ಲ. ಇಪ್ಪತ್ತು ಪೌಂಡು ಇಳಿಸಿ, ಯುಗಾದಿ ಆದ ಮೇಲೆ ಕರ್ಕೊಂಡು ಬಾ."

ಮೂರು ಮುದ್ದೆ ತಿನ್ನುವವಳು ಇನ್ನು ಒಂದು ತಿನ್ನಬೇಕು, ಅದೂ ಸಣ್ಣದು. ಕಡಲೆಕಾಯಿ, ಬೆಲ್ಲ, ತುಪ್ಪ ಮುಟ್ಟಕೂಡದು. ಸೊಪ್ಪು, ನೀರು ಮಜ್ಜಿಗೆ ಎಷ್ಟಾದರೂ ಆಗಲಿ. ದಿನವೂ ನಡೆಯಬೇಕು.

ವಾಪಸು ಬರುವಾಗ ರೈಲಿನಲ್ಲಿ ಅಮ್ಮ ನನ್ನ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡಳು. "ಲೇ ಮುನ್ಸಾಮಿ, ಈ ಮಾತು ನಮ್ಮನೆ ಒಸ್ತಿಲು ದಾಟ್ಬಾರ್ದು. ಆಣೆ ಮಾಡು."

"ಕಾಯ್ಲೆ ಅಲ್ವೇನಮ್ಮ? ಅದ್ರಾಗೇನು ನಾಚ್ಕೆ?"

"ಸೀರೆ ಒಳಗಿನ ಕಾಯ್ಲೆ ಕಣ್ಲಾ. ನಾಳೆ ಬಾವಿತಾವ ಎಂಗಸ್ರು ಇದನ್ನೇ ಆಡ್ಕಂಡು ನಕ್ರೆ ನಾನು ಬದ್ಕಲ್ಲ."

ಆಣೆ ಮಾಡಿದೆ. ಮಾಡದೆ ಏನು ಮಾಡಲಿ?

ನಾನು ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿಯಲ್ಲಿ ಮೂಟೆ ಹೊರುವವನು. ಮಂಡಿಗೆ ರಜೆ ಇದ್ದ ದಿನ ಅಮ್ಮನನ್ನು ಕರೆತಂದು, ಮೂಟೆ ತೂಗುವ ಕಾಟಾದ ಹಲಗೆ ಮೇಲೆ ನಿಲ್ಲಿಸಿದೆ. ಮನುಷ್ಯರನ್ನು ತೂಗಿದರೆ ದೃಷ್ಟಿಯಾಗುತ್ತದೆಂದು ಅವಳು ಕಣ್ಣು ಮುಚ್ಚಿಕೊಂಡಳು. ನನ್ನ ಜೊತೆ ಮೂಟೆ ಹೊರುವ ಪೆರುಮಾಳ್ ಕಬ್ಬಿಣದ ಗುಂಡು ಸರಿಸುತ್ತಾ ನಕ್ಕ. "ಅಮ್ಮಾ, ಹುಣಸೆಹಣ್ಣಿನ ಮೂಟೆ ಕೂಡ ಇಷ್ಟು ಆಡಲ್ಲಮ್ಮಾ. ಒಂದು ನಿಮಿಷ ಸುಮ್ನೆ ನಿಲ್ಲು."

"ನಿಮ್ಮವ್ವನ್ನ ನಿಲ್ಸಿ ತೂಗೋಗ್ಲಾ, ಮುಂಡೇದೆ!"

ಔಷಧಿ ಕೊಡುವುದಕ್ಕೆ ಡಾಕ್ಟರು ತೂಕ ಕೇಳಿದ್ದಾರೆ ಎಂದು ಪೆರುಮಾಳನ ಬಾಯಿ ಮುಚ್ಚಿಸಿದೆ.

ಅಂದಿನಿಂದ ಮುನಿರತ್ನ ಪೊಲೀಸಿನವಳಾದಳು. ಕಡಲೆಕಾಯಿಯ ಡಬ್ಬ ಅಟ್ಟ ಸೇರಿತು. ಅಮ್ಮನ ತಟ್ಟೆಯಲ್ಲಿ ಒಂದು ರಾಶಿ ಸೊಪ್ಪು, ಅದರ ಪಕ್ಕದಲ್ಲಿ ನಿಂಬೆಕಾಯಿ ಗಾತ್ರದ ಒಂದು ಮುದ್ದೆ. ಅಮ್ಮ ಅದನ್ನು ಹಿಡಿದು ಜಗಲಿಗೆ ಬರುತ್ತಿದ್ದಳು. ಒಳಗೆ ಕೂತು ತಿನ್ನಮ್ಮ ಅಂದರೆ ಕೇಳಲಿಲ್ಲ. ಒಳಗೆ ಕೂತರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಬೀದಿಗೆ ಅನುಮಾನ ಬರುತ್ತದಂತೆ. ಬೀದಿ ನೋಡಿತು. ನೋಡಿ ತನ್ನದೇ ತೀರ್ಮಾನ ಮಾಡಿಕೊಂಡಿತು.

ಒಂದು ದಿನ ಪೆರುಮಾಳ್ ಮೂಟೆ ಇಳಿಸಿ ಮೆಲ್ಲಗೆ ಕೇಳಿದ. "ಅಣ್ಣೇ, ಕೋಪ ಮಾಡ್ಕೋಬೇಡ. ಅಮ್ಮನಿಗೆ ಹೊಟ್ಟೆಗೆ ಸೋರು ಹಾಕಲ್ವಂತೆ ಮನೇಲಿ?"

ನಾನು ಅವನ ಕೊರಳಪಟ್ಟಿ ಹಿಡಿದೆ. ಹಿಡಿದು ಏನು ಹೇಳಲಿ? ಆಣೆ ಇತ್ತಲ್ಲ. ಬಿಟ್ಟೆ. ಆ ದಿನವೆಲ್ಲ ಮೂಟೆಗಳನ್ನು ಇಳಿಸಲಿಲ್ಲ, ಎತ್ತಿ ಎಸೆದೆ.

ಸಂಕ್ರಾಂತಿ ಕಳೆದ ಮೇಲೆ ಅಮ್ಮನನ್ನು ಮತ್ತೆ ಕಾಟಾ ಹತ್ತಿಸಿದೆ. ಇಳಿದಿರಲಿಲ್ಲ. ಮೂರು ಪೌಂಡು ಏರಿತ್ತು!

ಮನೆಗೆ ಬಂದವನೇ ಹೆಂಡತಿಯ ಮೇಲೆ ಹಾರಿದೆ. "ನೀನೇ ಕದ್ದು ಆಕ್ತಿದ್ದೀಯ! ಅತ್ತೆ ಅಂತ ಕನಿಕರ ನಿಂಗೆ. ಕನಿಕರ ತೋರ್ಸಿ ಸಾಯ್ಸು!"

ಮುನಿರತ್ನ ಮುದ್ದೆ ತಿರುವುವ ಕೋಲನ್ನು ನೆಲಕ್ಕೆ ಕುಕ್ಕಿದಳು. "ನಾನಾ? ನೀರಿಗೆ ಓದ್ರೆ ಬಾವಿತಾವ ಒಬ್ಳೂ ನಂಜೊತೆ ಮಾತಾಡಲ್ಲ. ಅತ್ತೆ ಒಟ್ಟೆ ಒಡೆಯೋ ರಾಕ್ಷಸಿ ಅಂತ ನನ್ ಎಸ್ರಾಗೈತೆ. ಬೇತಮಂಗಲದಿಂದ ನಮ್ಮಣ್ಣ ಬಂದು, ಇದು ನಿಜವಾ ಅಂತ ಕೇಳಿ ಓದ. ಅವನಿಗೂ ಹೇಳ್ದೆ ಬಾಯಿ ಕಟ್ಕಂಡಿದ್ದೀನಿ. ಈಗ ನೀವೂ ಅನ್ನಿ. ನೀವೊಬ್ರು ಬಾಕಿ ಇದ್ರಿ."

ಅಮ್ಮ ಮೂಲೆಯಲ್ಲಿ ಕೂತು ಸೀರೆಯ ಸೆರಗು ಮಡಿಸುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಕೋಪದಲ್ಲಿ ನನಗೆ ಕಣ್ಣು ಕಾಣುವುದಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಮಂಡಿಗೆ ಲಾರಿ ಬರಲಿಲ್ಲ, ಬೇಗ ಮನೆಗೆ ಬಂದೆ. ಅಮ್ಮ ಇರಲಿಲ್ಲ. "ಡಾಕ್ಟ್ರು ಹೇಳಿದಂಗೆ ನಡ್ಯಾಕೆ ಓಗವ್ರೆ. ಒಂದಿನಾನೂ ತಪ್ಸಲ್ಲ," ಎಂದಳು ಮುನಿರತ್ನ. ಎಲ್ಲಿ ನಡೆಯುತ್ತಾಳೆ ನೋಡೋಣ ಅಂತ ಹೊರಟೆ. ಕೆರೆಯ ದಾರಿಯಲ್ಲಿಲ್ಲ, ರೈಲು ಗೇಟಿನ ಹತ್ತಿರವೂ ಇಲ್ಲ. ವಾಪಸು ಬರುವಾಗ ಅಮ್ಮಾಜಮ್ಮನ ಹಿತ್ತಿಲಿನಿಂದ ಅಮ್ಮನ ನಗು ಕೇಳಿಸಿತು. ಅಮ್ಮಾಜಮ್ಮ ನಮ್ಮ ಎದುರು ಮನೆಯವಳು. ಅಮ್ಮನ ಜೊತೆ ಮೊಸರು ಮಾರುತ್ತಿದ್ದವಳು, ನಾನು ಚಿಕ್ಕಮ್ಮ ಅನ್ನುವವಳು.

ಬೇಲಿಯಾಚೆ ನೋಡಿದೆ. ಅಮ್ಮನ ಮುಂದೆ ತಟ್ಟೆ. ತಟ್ಟೆಯಲ್ಲಿ ಹಸುವಿನ ತಲೆಯಷ್ಟು ದಪ್ಪ ಮುದ್ದೆ. ಹಿದುಕಿದ ಅವರೆಕಾಳಿನ ಸಾರು, ಅದರ ಮೇಲೆ ತುಪ್ಪ ಕೆರೆಯಂತೆ ನಿಂತಿದೆ. ಅಮ್ಮ ನಡೆದಿದ್ದಳು, ಸುಳ್ಳಲ್ಲ. ದಿನವೂ ಮನೆಯಿಂದ ಮನೆಗೆ ನಡೆದಿದ್ದಳು.

"ಅಮ್ಮಾ!" ಬೇಲಿಯನ್ನೇ ತುಳಿದುಕೊಂಡು ಒಳಗೆ ಹೋದೆ.

ಅಮ್ಮ ತಟ್ಟೆಯ ಮೇಲೆ ಸೆರಗು ಮುಚ್ಚಿದಳು. ಅಮ್ಮಾಜಮ್ಮ ಮಾತ್ರ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಬಾರಪ್ಪ ಮಗನೇ! ಎತ್ತ ತಾಯಿ ಒಟ್ಟೆಗಿಲ್ದೆ ಒದ್ದಾಡ್ತಾವ್ಳೆ, ಕಂಡೋರ್ ಮನೇಲಿ ತಿನ್ನಾಕೂ ಬಿಡಲ್ವೇನ್ಲಾ?"

"ಚಿಕ್ಕಮ್ಮ, ನಿಂಗೆ ಗೊತ್ತಿಲ್ದೆ ಇರೋದ್ಕೆ ಬಾಯಿ ಆಕ್ಬೇಡ."

"ಏನ್ಲಾ ಗೊತ್ತಾಗ್ಬೇಕು? ನಮ್ಮ ಬೀದಿ ಎಂಗಸ್ರೆಲ್ಲ ಸರದಿ ಮೇಲೆ ಮಾಡ್ಕೊಡ್ತಿದ್ದೀವಿ ಕಣ್ಲಾ ನಿಮ್ಮವ್ವಂಗೆ! ನಿನ್ನೆ ಕೋದಂಡಪ್ಪನ ಮನೆ, ಇವತ್ತು ನಾನು. ನಿನ್ ಎಂಡ್ತಿ ಆ ನಿಂಬೆಕಾಯಿ ತಟ್ಟೆಗೆ ಆಕಿ ಬೀದಿಗೆ ತೋರ್ಸ್ತಾವ್ಳಲ್ಲ, ಎಲ್ಲಿ ಸಿಕ್ತು ನಿಂಗೆ ಆ ಎಣ್ಣು? ಅವರಪ್ಪನ ಮನೇಲಿ ಊಟ ಇಕ್ಕೋದು ಕಲ್ಸಿಲ್ವಾ?"

ಸದ್ದು ಕೇಳಿ ಮುನಿರತ್ನ ಓಡಿ ಬಂದಿದ್ದಳು. ಬೇಲಿ ಮುರಿದ ಜಾಗದಲ್ಲಿ ನಿಂತು ಇದನ್ನೆಲ್ಲ ಕೇಳಿದಳು. ಬಾಯಿ ತೆರೆದಳು, ನನ್ನ ಮುಖ ನೋಡಿದಳು, ತುಟಿ ಕಚ್ಚಿಕೊಂಡಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ನನಗೆ ಆ ಹಿತ್ತಿಲಿನ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅಮ್ಮ ಸೊಸೆಯ ಮುಖ ನೋಡಿದಳು. ಎಂಜಲು ಕೈಯಲ್ಲೇ ಎದ್ದು ನಿಂತಳು.

"ಅಮ್ಮಾಜಿ, ಆ ಮಗೀನ ಅಪ್ಪನ ಮನೆ ಎತ್ಬೇಡ ಕಣೇ."

"ಇಷ್ಟಾದ್ರೂ ಸೊಸೇನ ಬಿಟ್ಕೊಡಲ್ಲ ನೋಡು! ಅಕ್ಕ, ನೀನು ಎದ್ರಬೇಡ, ನಾವಿದ್ದೀವಿ."

"ನಾನು ಎದ್ರಿಲ್ಲ ಕಣೇ, ನಾಚ್ಕೊಂಡಿದ್ದೀನಿ." ಅಮ್ಮ ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. "ಒಕ್ಕಳತಾವ ಕರುಳು ಈಚ್ಗೆ ಬತ್ತೈತೆ. ಕುಯ್ದು ಒಲೀಬೇಕಂತೆ. ಮೈ ಇಳಿಸ್ದೆ ಒಲಿಯಲ್ಲ ಅಂದವ್ರೆ ಡಾಕ್ಟ್ರು. ಅವಳು ಕಮ್ಮಿ ಇಕ್ತಿರೋದು ನಾನು ಬದುಕ್ಲಿ ಅಂತ. ಯಾರಿಗೂ ಹೇಳ್ಬೇಡಿ ಅಂತ ಆಣೆ ಆಕ್ಸಿದ್ದು ನಾನು. ನೀವು ಕರೆದು ತಟ್ಟೆ ಇಟ್ರೆ ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ. ಕಂಡೋರ್ ಮನೇಲಿ ಇಕ್ಕಿದ್ದನ್ನ ಬ್ಯಾಡ ಅಂದ್ರೆ ಪಾಪ ಅಲ್ವೇನೇ?"

ಅಮ್ಮಾಜಮ್ಮನ ಕೈಗಳು ಸೊಂಟದಿಂದ ಜಾರಿದವು. ಅಮ್ಮನ ಹೊಟ್ಟೆಯನ್ನೇ ನೋಡಿದಳು. ನಗುತ್ತಾಳೆ ಎಂದುಕೊಂಡೆ. ನಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಅವಳು ನನ್ನ ಕಡೆ ತಿರುಗಿ, "ನೀನು ಒಸಿ ಆ ಕಡೆ ತಿರುಗ್ಲಾ," ಎಂದಳು.

ನಾನು ಬೆನ್ನು ತಿರುಗಿಸಿ ನಿಂತೆ.

"ಇಲ್ನೋಡು ಅಕ್ಕ. ಕೊನೇ ಮಗ ಉಟ್ಟಾಗಿಂದ ಐತೆ. ನಮ್ಮ ಯಜಮಾನ್ರಿಗೂ ಹೇಳಿಲ್ಲ. ಅಳೇ ಸೀರೆ ಅರಿದು ಬಿಗಿಯಾಗಿ ಕಟ್ಕಂಡು ಮೊಸರು ಒರ್ತಿದ್ದೆ. ನಂಗೊಬ್ಳಿಗೇ ಇಂಗೆ ಅಂದ್ಕಂಡಿದ್ದೆ."

"ಅಯ್ಯೋ ಮುಂಡೇ! ಜೊತೇಲೇ ಇಷ್ಟು ವರ್ಷ ರೈಲು ಹತ್ತಿದ್ದೀವಲ್ಲೇ!"

ಹಿಂದೆ ಇಬ್ಬರೂ ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಆಮೇಲೆ ಅಮ್ಮಾಜಮ್ಮ ಮುನಿರತ್ನಳ ಬಳಿ ಹೋಗಿ ಎರಡೂ ಕೆನ್ನೆ ಸವರಿ ನೆಟಿಗೆ ಮುರಿದಳು. "ನನ್ನ ಬಾಯಿಗೆ ಉಳ ಬೀಳ. ಕ್ಷಮ್ಸವ್ವ," ಅಂದಳು. ಮುನಿರತ್ನ ಅತ್ತೆಯ ತಟ್ಟೆ ಎತ್ತಿ, ಉಳಿದಿದ್ದ ಮುದ್ದೆಯನ್ನು ಅಮ್ಮಾಜಮ್ಮನ ಎಮ್ಮೆಗೆ ಹಾಕಿಬಿಟ್ಟಳು.

ಸುದ್ದಿ ಹೊತ್ತು ಮುಳುಗುವುದರೊಳಗೆ ಬಾವಿ ಮುಟ್ಟಿತು. ಅಮ್ಮ ಹೆದರಿದ್ದ ಹಾಗೆ ಯಾರೂ ನಗಲಿಲ್ಲ. ಆದರೆ ಇಡೀ ಬೀದಿ ಡಾಕ್ಟರಾಯಿತು. ಅಮ್ಮ ಯಾರ ಮನೆ ಬಾಗಿಲಲ್ಲಿ ನಿಂತರೂ ಮಜ್ಜಿಗೆ ಬಿಟ್ಟರೆ ಬೇರೆ ಸಿಗಲಿಲ್ಲ. ಕೋದಂಡಪ್ಪನ ಕಣದಲ್ಲಿ ಒಂದು ಹಿಡಿ ಕಡಲೆಕಾಯಿ ಎತ್ತಿಕೊಂಡಿದ್ದಕ್ಕೆ ಅವರ ಮನೆಯ ಮುದುಕಿ ಬಾಯಿಂದ ಕಕ್ಕಿಸಿದಳಂತೆ. "ಈ ಬೀದೀಲಿ ಬದುಕಾಕಾಗಲ್ಲ ಕಣ್ಲಾ, ಎಲ್ಲಾ ಯಮದೂತ್ರು," ಅಂತ ಅಮ್ಮ ಬೈದುಕೊಂಡೇ ಇಳಿದಳು. ಬೆಳಿಗ್ಗೆ ಅಮ್ಮಾಜಮ್ಮ ಬಂದು ಅವಳನ್ನು ಎಬ್ಬಿಸಿ ಕೆರೆಯ ಏರಿಯ ಮೇಲೆ ನಡೆಸುತ್ತಿದ್ದಳು. ಸೀರೆಯ ನೆರಿಗೆ ದಿನಕ್ಕಿಷ್ಟು ಹೆಚ್ಚಾಗುತ್ತಾ ಬಂತು.

ಯುಗಾದಿ ಮುಗಿದ ಮೇಲೆ ಎಲ್ಲರೂ ಆಸ್ಪತ್ರೆಗೆ ಹೋದೆವು. ಅಮ್ಮಾಜಮ್ಮ ಸುಮ್ಮನೆ ಜೊತೆಗೆ ಅಂತ ಬಂದಳು. ಅಮ್ಮನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಹದಿನೇಳು ಪೌಂಡು ಇಳಿದಿತ್ತು. ಇನ್ನೂ ಮೂರು ಬಾಕಿ. ಆಗಲ್ಲ ಅಂದರೆ ಈ ಡಾಕ್ಟರನ್ನು ಹೇಗೆ ಹಿಡಿದುಕೊಳ್ಳಬೇಕು, ಏನೇನು ಕೂಗಬೇಕು ಅಂತ ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಡಾಕ್ಟರು ಅಮ್ಮನ ಹೊಟ್ಟೆ ಒತ್ತಿ ನೋಡಿದರು, ಕೆಮ್ಮಿಸಿ ನೋಡಿದರು. ಕೈ ತೊಳೆದುಕೊಳ್ಳುತ್ತಾ, "ಸಾಕು. ಸೋಮವಾರ ಬಂದು ಸೇರಿಸಿ, ಹೊಲಿಯೋಣ," ಅಂದರು.

ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಅಲ್ಲಿದ್ದ ಬೆಂಚಿನ ಮೇಲೆ ಕೂತೆ. ಮೂಟೆಯನ್ನು ಹೆಗಲಿಂದ ಇಳಿಸಿದ ಕ್ಷಣದಲ್ಲಿ ಮೈ ತಾನಾಗಿಯೇ ಮೇಲಕ್ಕೇಳುತ್ತದಲ್ಲ, ಹಾಗಾಗುತ್ತಿತ್ತು. ಮುಖ ಒದ್ದೆಯಾಗಿದ್ದು ಅಮ್ಮ ಹೇಳಿದ ಮೇಲೆ ಗೊತ್ತಾಯಿತು.

"ಯಾಕ್ಲಾ ಅಳ್ತೀಯ? ನಾನೇನು ಸತ್ನಾ?"

"ಅಳಲಿ ಬಿಡಿ ಅತ್ತೆ," ಎಂದಳು ಮುನಿರತ್ನ, ತಾನೂ ಮೂಗು ಒರೆಸಿಕೊಳ್ಳುತ್ತಾ. "ಕೂಗಾಡೋದ್ಕಿಂತ ವಾಸಿ."

ಬಾಗಿಲ ಹತ್ತಿರ ನಿಂತಿದ್ದ ಅಮ್ಮಾಜಮ್ಮ ಒಳಗೆ ಬಂದಳು. ಯಾರ ಮುಖವನ್ನೂ ನೋಡದೆ ಚಪ್ಪಲಿ ಬಿಟ್ಟು, ತೂಕದ ಯಂತ್ರದ ಮೇಲೆ ಹತ್ತಿ ನಿಂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

"ಸ್ವಾಮಿ, ನನ್ನೂ ಒಂದ್ಕಿತ ನೋಡ್ಬುಡಿ."