ಗಾಡಿಯ ಒಳಗಿನ ಕಾಲು

ಗಾಡಿಗೆ ಕ್ಲಚ್ ಇದೆ, ಆದರೆ ಕಾಲಿನಿಂದ ಒತ್ತುವ ಪೆಡಲ್ ಇಲ್ಲ ಎಂದರೆ ಮೌಲಾಲಿ ನಂಬುವ ಆಸಾಮಿಯಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ವಿಜಯಪುರದಿಂದ ಮುಂಬೈಗೆ ಬಂದು, ಆ ಮೀಸೆ ಬೆಳ್ಳಗಾಗುವ ತನಕ ಟ್ಯಾಕ್ಸಿ ಓಡಿಸಿದವನು. ಹೋದ ವರ್ಷ ಬೆನ್ನಿನ ನರ ಒತ್ತಿ ಎಡಪಾದ ಜೋತುಬಿದ್ದು, ಕ್ಲಚ್ ಒತ್ತಲು ಬಾರದಾಯಿತು. ಬಲಗಾಲು, ಕೈ, ಕಣ್ಣು ಎಲ್ಲ ನೆಟ್ಟಗಿವೆ, ಆಟೋಮ್ಯಾಟಿಕ್ ಗಾಡಿಯಾದರೆ ಧಾರಾಳವಾಗಿ ಓಡಿಸಬಹುದು ಎಂದು ಡಾಕ್ಟರೇ ಹೇಳಿದ್ದರು.

"ಅದು ಲಿಫ್ಟ್ ಐತಿ, ಗಾಡಿ ಅಲ್ಲ. ಗೇರ್ ತಾನ ಬೀಳತಾವಂತ, ನಾ ಸುಮ್ನ ಕುಂದರಬೇಕಂತ. ನಕ್ಕೋ, ಬ್ಯಾಡ."

ಹೀಗೆಂದವನು ಟ್ಯಾಕ್ಸಿ ಮಾರಿ, ಆಂಟಾಪ್ ಹಿಲ್‌ನ ಮನೆಯಲ್ಲಿ ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತ. ಕುಳಿತವನು ಏಳಲೇ ಇಲ್ಲ. ಹೆಂಡತಿ ಇಮಾಮಬಿ ತಂದಿಟ್ಟ ಚಹಾ ಆರಿ ಕೆನೆ ಕಟ್ಟುತ್ತಿತ್ತು. ಕೆಳಗೆ ರಸ್ತೆಯಲ್ಲಿ ಯಾರಾದರೂ ಗೇರನ್ನು ಕರಕರ ಎನ್ನಿಸಿದರೆ ಮಾತ್ರ ಹಲ್ಲು ಕಡಿಯುತ್ತಿದ್ದ.

ಮಗಳು ಆರಿಫಾಗೆ ಇದನ್ನು ನೋಡಲಾಗುತ್ತಿರಲಿಲ್ಲ. ಅವಳು ಗೋರೆಗಾಂವ್‌ನ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಗ್ಯಾರೇಜಿನ ಮಾಲೀಕ, ಬೆಳಗಾವಿ ಕಡೆಯ ಶೆಟ್ಟೆಪ್ಪ, ಮಳೆನೀರಿನಲ್ಲಿ ಮುಳುಗಿ ಗುಜರಿ ಸೇರಿದ್ದ ಒಂದು ಹಳದಿ ಸ್ಪೋರ್ಟ್ಸ್ ಕಾರನ್ನು ಆಸೆಪಟ್ಟು ತಂದಿದ್ದ. ಅದರ ಗೇರ್‌ಬಾಕ್ಸ್ ಟ್ಯಾಕ್ಸಿಯದರ ಜಾತಿಯದೇ, ಕ್ಲಚ್ಚೂ ಹಾಗೆಯೇ. ಗೇರ್ ಬದಲಿಸುವವರು ನಾವೇ, ಸ್ಟಿಯರಿಂಗಿನ ಹಿಂದಿರುವ ಪಟ್ಟಿಗಳನ್ನು ಬೆರಳಲ್ಲಿ ಎಳೆದು. ಕ್ಲಚ್ ಒತ್ತುವುದು, ಬಿಡುವುದು ಮಾತ್ರ ಒಳಗಿನ ಯಂತ್ರದ ಕೆಲಸ. ಸುಟ್ಟು ಕರಕಲಾಗಿದ್ದ ಹಳೆಯ ಕ್ಲಚ್ ಬಿಚ್ಚಿ ಹೊಸದನ್ನು ಕೂರಿಸುವಾಗ ಆರಿಫಾಗೆ ಥಟ್ಟನೆ ಹೊಳೆಯಿತು. ಎಡಗಾಲು ಬೇಡ, ಆದರೆ ಗೇರ್ ಕೈಯಲ್ಲೇ ಇದೆ. ಇದು ಅಬ್ಬಾನಿಗೆಂದೇ ಮಾಡಿದ ಗಾಡಿ!

"ಕರಕೊಂಡ ಬಾರವಾ," ಎಂದ ಶೆಟ್ಟೆಪ್ಪ. "ಹೊಸಾ ಕ್ಲಚ್ ಹದಕ್ಕ ಬರೂ ತನಕ ಯಾರರೆ ಮೆತ್ತಗ ಓಡಸಬೇಕಲ್ಲ. ರವಿವಾರ ಎಸ್ಟೇಟ್ ಖಾಲಿ ಇರ್ತದ."

ನಿಜ ಹೇಳಿದರೆ ಅಬ್ಬಾ ಬರುವುದಿಲ್ಲ. "ಗೇರಿನ ಆವಾಜ್ ಬರೋಬರ್ ಇಲ್ಲ ಅಬ್ಬಾ, ಒಮ್ಮೆ ಕೇಳಿ ಹೇಳ್ರಿ," ಎಂದು ಪುಸಲಾಯಿಸಿ ಕರೆತಂದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಹೆದರಿಕೆ. ಇದೂ ತನ್ನಿಂದಾಗದು ಎಂದು ಅಬ್ಬಾ ವಾಪಸಾದರೆ, ಆ ಕುರ್ಚಿಯಿಂದ ಅವನನ್ನು ಇನ್ನು ಯಾರೂ ಎಬ್ಬಿಸಲಾರರು.

ಮೌಲಾಲಿ ಗಾಡಿಯ ಸುತ್ತ ಒಂದು ಸುತ್ತು ಬಂದ, ಒಳಗೆ ಬಗ್ಗಿ ಪೆಡಲ್ ಎಣಿಸಿದ, ಎಲ್ಲರನ್ನೂ ಗುಮಾನಿಯಿಂದ ನೋಡಿದ. ಆದರೆ ಸ್ಟಿಯರಿಂಗ್ ಕೈಗೆ ಬಂದದ್ದೇ ತಡ, ಗುಮಾನಿ ಎಲ್ಲಿ ಹೋಯಿತೋ! ಅಂಗಳದಲ್ಲಿ ಫಸ್ಟ್ ಹಾಕಿದ, ಸೆಕೆಂಡ್ ಹಾಕಿದ, ಬಗ್ಗಿದ್ದ ಬೆನ್ನು ನೆಟ್ಟಗಾಯಿತು. ಪಕ್ಕದಲ್ಲಿ ಕುಳಿತ ಆರಿಫಾ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಲಾರಿಗಳು ಮೇಲಿನ ಮಹಡಿಗೆ ಹತ್ತುವ ಚಡಾವು ಬಂತು. ಅರ್ಧ ಹತ್ತಿ ಬ್ರೇಕ್ ಒತ್ತಿ ನಿಲ್ಲಿಸಿದವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ಶೆಟ್ಟೆಪ್ಪಣ್ಣಾ, ಕಡ್ಡಿಪೆಟಗಿ ಐತೇನ್ರಿ?"

ಯಾಕೆಂದು ಆರಿಫಾಗೆ ಗೊತ್ತು. ಅವಳಿಗೆ ಡ್ರೈವಿಂಗ್ ಕಲಿಸುವಾಗ ಆಂಟಾಪ್ ಹಿಲ್‌ನ ಏರಿನಲ್ಲಿ ಟ್ಯಾಕ್ಸಿ ನಿಲ್ಲಿಸಿ, ಅಬ್ಬಾ ಹಿಂದಿನ ಗಾಲಿಯ ಹಿಂಬದಿಗೆ ಬೆಂಕಿಪೆಟ್ಟಿಗೆ ಇಡುತ್ತಿದ್ದ. ಅರ್ಧ ಕ್ಲಚ್, ಒಂಚೂರು ಆಕ್ಸಿಲರೇಟರ್. ಅಷ್ಟರಲ್ಲೇ ಗಾಡಿಯನ್ನು ಹಿಡಿದು ನಿಲ್ಲಿಸಬೇಕು, ಪೆಟ್ಟಿಗೆ ನಜ್ಜಾಗಬಾರದು. "ಚಡಾವಿನ್ಯಾಗ ಹ್ಯಾಂಡ್‌ಬ್ರೇಕ್ ಜಗ್ಗಾಂವ ಡ್ರೈವರ್ ಅಲ್ಲ, ಗಾಡಿ ತೊಳಿಯಾಂವ" ಎನ್ನುತ್ತಿದ್ದ. ಅವನ ಟ್ಯಾಕ್ಸಿಯ ಹ್ಯಾಂಡ್‌ಬ್ರೇಕ್ ಇದ್ದದ್ದು ತೋರಿಕೆಗೆ.

ಈ ಗಾಡಿಗೆ ಆ ಆಟ ಒಗ್ಗದು ಎಂದು ಆರಿಫಾ ಆಗಲೇ ಹೇಳಬೇಕಿತ್ತು. ಆದರೆ ಒಂದು ವರ್ಷದ ಮೇಲೆ ಅಬ್ಬಾನ ಮುಖಕ್ಕೆ ಕಳೆ ಬಂದಿತ್ತು, ನಾಲಿಗೆ ಹೊರಳಲಿಲ್ಲ. ಶೆಟ್ಟೆಪ್ಪ ಪೆಟ್ಟಿಗೆ ಇಟ್ಟ. ಮೌಲಾಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಬಲಗಾಲಿಟ್ಟ. ಗಾಡಿ ಮುಂದೆಯೂ ಹೋಗದೆ ಹಿಂದೆಯೂ ಬಾರದೆ ನಿಂತಿತು.

"ನೋಡಿದಿ ಬೇಟಿ? ಎಡಗಾಲಿಲ್ದ!"

ಅಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. "ಅಬ್ಬಾ, ಛೋಡೋ!" ಎಂದು ಆರಿಫಾ ಚೀರಿದಳು. ಗಾಬರಿಯಲ್ಲಿ ಅವನು ಕಾಲೆತ್ತಿದ, ಗಾಡಿ ಹಿಂದಕ್ಕೆ ಜಾರಿತು. ಪೆಟ್ಟಿಗೆ ಅಪ್ಪಚ್ಚಿಯಾದ ಸದ್ದು ಒಳಗೂ ಕೇಳಿಸಿತು.

ಮೌಲಾಲಿ ಗಾಡಿಯನ್ನು ಕೆಳಗಿಳಿಸಿ, ಎಂಜಿನ್ ಆರಿಸಿ, ಕೀಲಿಯನ್ನು ಮಗಳ ಕೈಗಿಟ್ಟ.

"ಕುಣೀಲಾರದಾಕಿ ಅಂಗಳ ಡೊಂಕ ಅಂದ್ಲಂತ. ನಾ ಹಂಗ ಅನ್ನಂಗಿಲ್ಲ. ಗಾಡಿ ಚಲೋ ಐತಿ, ನನ್ನ ಕೈಲೆ ಆಗಂಗಿಲ್ಲ. ನಡಿ, ಮನಿಗೆ ಹೋಗೂಣು."

ಆರಿಫಾಗೆ ಅಳುವೇ ಬಂತು. ಅತ್ತರೆ ಕೆಲಸ ಕೆಟ್ಟೀತೆಂದು ಒಳಗೆ ಓಡಿ, ಬಿಚ್ಚಿಟ್ಟಿದ್ದ ಹಳೆಯ ಕ್ಲಚ್ ಪ್ಲೇಟ್ ತಂದು ಅವನ ತೊಡೆಯ ಮೇಲಿಟ್ಟಳು. ಹಂಚಿನಂತೆ ಕಪ್ಪಾಗಿತ್ತು.

"ಇದನ್ನೂ ಯಾರೋ ಹಿಂಗ ಸುಟ್ಟಾರ ಅಬ್ಬಾ. ಚಡಾವಿನ್ಯಾಗ, ಸಿಗ್ನಲ್‌ದಾಗ. ಕ್ಲಚ್ ಪೂರಾ ಹಿಡಿಯಂಗಿಲ್ಲ, ಪೂರಾ ಬಿಡಂಗಿಲ್ಲ. ಟ್ಯಾಕ್ಸಿದಾಗ ನಿಮ್ಮ ಕಾಲಿಗೆ ಸಮಝ್ ಇತ್ತು, ಎಷ್ಟು ಒತ್ತೂದು, ಯಾವಾಗ ಬಿಡೂದು. ಇದರ ಕಾಲು ಒಳಗೈತಿ. ನೀವು ನಿಂದರಬೇಕು ಅಂತೀರಿ, ಅದು ಹೋಗಬೇಕು ಅಂತ ತಿಳಕೊಂತೈತಿ. ನಡುವ ಸಿಕ್ಕ ಕ್ಲಚ್ ಸುಡ್ತದ."

ಮೌಲಾಲಿ ಆ ಕರಿ ತಗಡಿನ ಮೇಲೆ ಹೆಬ್ಬೆರಳು ಆಡಿಸಿದ.

"ಅಂದ್ರ ಗಾಡಿಗೂ ಒಳಗ ಒಂದು ಎಡಗಾಲ ಐತಿ."

"ಹೌ."

"ನಾ ಅದಕ್ಕ ತ್ರಾಸ ಕೊಟ್ಟೆ."

"ಥೋಡಾ."

"ಪಾಪ," ಎಂದ ಮೌಲಾಲಿ. ಅವನ ಇನ್ನೊಂದು ಕೈ ತನ್ನ ಜೋತುಬಿದ್ದ ಕಾಲಿನ ಮೇಲಿತ್ತು. ವರ್ಷವಿಡೀ ಆ ಕಾಲನ್ನು ಬೈದವನೇ ಹೊರತು ಪಾಪ ಎಂದವನಲ್ಲ.

"ಹಂಗಾರ ಹೆಂಗ ಮಾಡೂದು, ಹೇಳು."

"ನಿಂದರೂದಿದ್ರ ಬ್ರೇಕ್ ಒತ್ತಿ ನ್ಯೂಟ್ರಲ್, ಮ್ಯಾಲೆ ಹ್ಯಾಂಡ್‌ಬ್ರೇಕ್. ಒಳಗಿನ ಕಾಲಿಗೆ ಆರಾಮ. ಹೋಗೂದಿದ್ರ ಫಸ್ಟ್ ಹಾಕಿ, ರೇಸ್ ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಸೀದಾ ಹೋಗೂದು. ನಡುವ ಆಟ ನಕ್ಕೋ."

ಮೌಲಾಲಿ ಹ್ಯಾಂಡ್‌ಬ್ರೇಕನ್ನು ಹಳೆಯ ವೈರಿಯನ್ನು ನೋಡುವ ಹಾಗೆ ನೋಡಿದ. ಆಮೇಲೆ ಕೀಲಿಗೆ ಕೈ ಚಾಚಿದ.

ಈ ಸಲ ಆರಿಫಾ ಒಳಗೆ ಕೂರಲಿಲ್ಲ. ಗಾಡಿ ಮೆಲ್ಲಗೆ ಚಡಾವು ಹತ್ತಿತು, ಅದೇ ಜಾಗದಲ್ಲಿ ನಿಂತಿತು. ಕರ್ರ್ ಎಂದು ಹ್ಯಾಂಡ್‌ಬ್ರೇಕ್ ಎಳೆದ ಸದ್ದಾಯಿತು. ಶೆಟ್ಟೆಪ್ಪನ ಬಳಿ ಬೇರೆ ಕಡ್ಡಿಪೆಟಗಿ ಇರಲಿಲ್ಲ. ಆರಿಫಾ ತನ್ನ ಹೊಸ ಮೊಬೈಲನ್ನೇ ಹಿಂದಿನ ಗಾಲಿಗೆ ಒರಗಿಸಿಟ್ಟಳು.

"ಹುಚ್ಚಿ ಇದ್ದಿಯೇನ? ತಗಿ ಅದನ್ನ!" ಕನ್ನಡಿಯಲ್ಲಿ ನೋಡಿದ ಮೌಲಾಲಿ ಕೂಗಿದ.

"ನಕ್ಕೋ."

"ಒಡದ್ರ?"

"ಒಡಿಯಂಗಿಲ್ಲ ಅಬ್ಬಾ. ನೀವು ಹೋಗ್ರಿ."

ಆರಿಫಾ ತುಟಿಯಲ್ಲೇ ಬಿಸ್ಮಿಲ್ಲಾ ಎಂದಳು. ಎಂಜಿನ್ ಸದ್ದು ಏರಿತು, ಹ್ಯಾಂಡ್‌ಬ್ರೇಕ್ ಇಳಿಯಿತು, ಗಾಡಿ ಕೂದಲೆಳೆಯಷ್ಟೂ ಹಿಂದೆ ಸರಿಯದೆ ಮುಂದೆ ಹೋಯಿತು. ಮೇಲಿನ ತಿರುವು ದಾಟಿ ಕಣ್ಮರೆಯಾಯಿತು. ಸೆಕೆಂಡ್ ಬಿದ್ದದ್ದು ಆರಿಫಾಗೆ ಕೇಳಿಸಿತು. ಒಂದು ಚೂರೂ ಕರಕರವಿಲ್ಲ.

ಖಾಲಿ ಚಡಾವಿನಲ್ಲಿ ಮೊಬೈಲ್ ಒಂದೇ ಬಿದ್ದಿತ್ತು. ಅದು ರಿಂಗಾಯಿತು. ಇಮಾಮಬಿ.

"ನಿಮ್ಮಬ್ಬಾ ಚಹಾ ಕುಡದ್ರೇನ ಬೇಟಿ? ಮುಂಜಾನಿದು ಹಂಗ ಇಟ್ಟ ಹೋಗ್ಯಾರ. ಕೊಡು, ಮಾತಾಡ್ತೀನಿ."

"ಅಮ್ಮಿ," ಎಂದ ಆರಿಫಾಳ ಕಣ್ಣು ತುಂಬಿ ಹರಿಯಿತು. "ಅಬ್ಬಾ ಗಾಡಿ ಓಡ್ಸಾಕತ್ತಾರ."

ಆ ಕಡೆ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಹಂಗಾರ ಇಡು, ಇಡು," ಎಂದಳು ಇಮಾಮಬಿ ಅವಸರದಿಂದ. "ಅವರು ಗಾಡಿ ಮ್ಯಾಲಿದ್ದಾಗ ಯಾರರೆ ಮಾತಾಡ್ಸಿದ್ರ ಅವರಿಗೆ ಸೇರಂಗಿಲ್ಲ."